14,000 ಕಿ.ಮೀ. ಅಂದರೆ ಎಷ್ಟು ಹೊತ್ತು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಹುಡುಕಿದರೆ ಒಂದು ಕಡೆ 13,990 ಅಂತ ಬರುತ್ತದೆ, ಇನ್ನೊಂದು ಕಡೆ 8,690 ಅಂತ, ಮತ್ತೊಂದು ಕಡೆ 7,550 ಅಂತ. ಮೂರೂ ಸರಿಯೇ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ಹಡಗಿನವರು ಮತ್ತು ವಿಮಾನದವರು ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಈ ಅಂಕಿಯ ಕೆಳಗೇ ಪ್ರಯಾಣದ ಸಮಯ ಹದಿನೇಳು ಗಂಟೆ ಚಿಲ್ಲರೆ ಅಂತ ಒಂದು ಸಾಲು ಇರುತ್ತದೆ. ನಮ್ಮ ಬೀದಿಯಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಸುಮಾರಿವೆ. ಎಲ್ಲರೂ ಮೊದಲು ನೋಡುವುದು ಈ ಸಾಲನ್ನೇ. ಹದಿನೇಳು ಗಂಟೆ ತಾನೇ, ಒಂದು ಹಗಲು ಒಂದು ರಾತ್ರಿ ಅಲ್ವಾ ಅಂದುಕೊಂಡು ಟಿಕೆಟ್ ಮಾಡಿಸಿಬಿಡುತ್ತಾರೆ.

ನನಗೆ ಹೇಳಬೇಕಾಗಿರುವುದು ಇಷ್ಟೇ. ಆ ಸಾಲನ್ನು ನಂಬಿ ಪ್ರಯಾಣ ಹೊರಡಬೇಡಿ. ನಮಗೆ ಬೇಕಾಗಿರುವುದು ಚಿಕ್ಕಮಗಳೂರಿನಲ್ಲಿ ಮನೆಗೆ ಬೀಗ ಹಾಕಿದ ಹೊತ್ತಿನಿಂದ ಅಲ್ಲಿ ಮಗಳ ಮನೆಯೊಳಗೆ ಕಾಲಿಡುವ ಹೊತ್ತಿನವರೆಗಿನ ಲೆಕ್ಕ. ಅದನ್ನು ಯಾವ ವೆಬ್‌ಸೈಟೂ ಕೊಡುವುದಿಲ್ಲ, ನಾವೇ ಕೂತು ಹಾಕಬೇಕು. ವಯಸ್ಸಾದ, ಮಂಡಿ ನೋವಿರುವ, ಒಬ್ಬರೇ ಹೋಗುವ ಅಪ್ಪ ಅಮ್ಮಂದಿರಿಗೆ ಟಿಕೆಟ್ ಮಾಡಿಸುವಾಗಲಂತೂ ದರಕ್ಕಿಂತ ಮೊದಲು ಇದನ್ನೇ ನೋಡಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಮೊದಲು ಆ 14,000 ಎಲ್ಲಿಂದ ಬಂತು ಅಂತ ನೋಡೋಣ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಹೂ ಕಟ್ಟುವ ದಾರ ಒಂದು ಮೊಳ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲಿಟ್ಟು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇಟ್ಟು ಸಡಿಲ ಇಲ್ಲದ ಹಾಗೆ ಎಳೆಯಿರಿ. ದಾರ ತಾನಾಗಿಯೇ ಜಾರಿ ಜಾರಿ ಒಂದು ಕಡೆ ನಿಲ್ಲುತ್ತದೆ. ನೀವು ಅಂದುಕೊಂಡ ಕಡೆ ಅದು ನಿಲ್ಲುವುದಿಲ್ಲ. ಗೋಡೆಯ ಮ್ಯಾಪಿನಲ್ಲಿ ನೋಡಿದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿಕೊಂಡು ಹೋಗಬೇಕು ಅನಿಸುತ್ತದೆ. ದಾರ ಮಾತ್ರ ನೇಪಾಳ, ಚೀನಾ, ಸೈಬೀರಿಯಾ ಹಾದು ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಅದೇ. ಸೈಟುಗಳು ತೋರಿಸುವುದು ಆ ದಾರದ ಉದ್ದವನ್ನು. ಆಮೇಲೆ ಗಂಟೆಗೆ 800 ಅಂತಲೋ 900 ಅಂತಲೋ ಒಂದೇ ವೇಗ ಹಿಡಿದು ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿ ಸಮಯ ಅಂತ ಬರೆದುಬಿಡುತ್ತವೆ.

ಇದನ್ನೇ ನಮ್ಮೂರಿನ ಲೆಕ್ಕದಲ್ಲಿ ಹೇಳಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಬಾಬಾಬುಡನ್ ಏಳು ಕಾಫಿ ಬೀಜ ತಂದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ತಂದದ್ದು ಯೆಮನ್ ದೇಶದ ಮೋಕಾ ಬಂದರಿನಿಂದ, 17ನೇ ಶತಮಾನದಲ್ಲಿ ಅಂತ ಹೇಳುತ್ತಾರೆ. ಮ್ಯಾಪ್ ತೆಗೆದು ನೋಡಿ. ಮೋಕಾ ಮತ್ತು ಚಿಕ್ಕಮಗಳೂರು ಎರಡೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿ 19 ನಿಮಿಷದ ಆಸುಪಾಸು. ಇಲ್ಲಿಂದ ಪಶ್ಚಿಮಕ್ಕೆ ಗೆರೆ ಎಳೆದರೆ ಕರಾವಳಿ, ಅರಬ್ಬಿ ಸಮುದ್ರ, ಏಡನ್ ಕೊಲ್ಲಿ ದಾಟಿ ಹೋಗಿ ಮೋಕಾ ಸೇರುತ್ತದೆ. ಸುಮಾರು 3,500 ಕಿ.ಮೀ. ಈ ಎರಡು ಊರುಗಳು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ, ಅಷ್ಟೇನೂ ದೂರ ಇಲ್ಲದಿರುವುದರಿಂದ, ಅಕ್ಷಾಂಶದ ಗೆರೆಯೂ ದಾರದ ಗೆರೆಯೂ ಬಹುತೇಕ ಒಂದೇ. ಉತ್ತರಕ್ಕೆ ಹೋದ ಹಾಗೆ, ಊರುಗಳ ನಡುವೆ ದೂರ ಹೆಚ್ಚಿದ ಹಾಗೆ, ಎರಡೂ ಬೇರೆಯಾಗುತ್ತವೆ. ಇಂದಿನ ಜೆಟ್ ವಿಮಾನಕ್ಕೆ ಆ 3,500 ಕಿ.ಮೀ. ನಾಲ್ಕು ಗಂಟೆ ಕೆಲಸ. ಆ ಕಾಲದಲ್ಲಿ ಹಡಗು ಹತ್ತಿ ಗಾಳಿ ಬೀಸುವ ಕಾಲ ನೋಡಿಕೊಂಡು, ಕರಾವಳಿಯಲ್ಲಿ ಇಳಿದು, ಘಟ್ಟ ಹತ್ತಿ ಚಂದ್ರಗಿರಿಗೆ, ಅಂದರೆ ಈಗಿನ ಬಾಬಾಬುಡನ್ ಗಿರಿಗೆ, ಬರಬೇಕಿತ್ತು. ಎಷ್ಟು ತಿಂಗಳಾಯಿತೋ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಜಗತ್ತಿನ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರುವುದಕ್ಕೆ ಸಾಧ್ಯವೇ ಇಲ್ಲ. ಅದಕ್ಕಿಂತ ದೂರ ಹೋದರೆ ಇನ್ನೊಂದು ಕಡೆಯಿಂದ ಹತ್ತಿರ ಆಗುತ್ತಾ ಬರುತ್ತದೆ. ಚಿಕ್ಕಮಗಳೂರಿಗೆ ಸರಿಯಾಗಿ ಎದುರು ಇರುವ ಜಾಗ ಪೆಸಿಫಿಕ್ ಸಮುದ್ರದಲ್ಲಿ, ಪೆರು ದೇಶದ ಪಶ್ಚಿಮಕ್ಕೆ ಬರುತ್ತದೆ. ಅಲ್ಲಿ ಬರೀ ನೀರು. ನನ್ನ ಅಕ್ಕ ಇರುವ ಕ್ಯಾಲಿಫೋರ್ನಿಯಾ ಎಷ್ಟೇ ದೂರ ಅಂದರೂ ಆ ಜಾಗಕ್ಕಿಂತ 6,000 ಕಿ.ಮೀ. ಹತ್ತಿರದಲ್ಲಿದೆ.

ಈಗ ನಿಜವಾದ ಹಾರಾಟಕ್ಕೆ ಬರೋಣ. ಏರ್ ಇಂಡಿಯಾದವರು 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಶುರು ಮಾಡಿದರು. ಮೊದಲ ಹಾರಾಟದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಮುಂದಾಳು. ಉತ್ತರ ಧ್ರುವದ ಮೇಲಿನಿಂದ ಬಂದರು. ಪೇಪರಿನಲ್ಲಿ ಫೋಟೋ ಬಂದ ದಿನ ಅಮ್ಮ ಅದನ್ನು ಕತ್ತರಿಸಿ ಎತ್ತಿಟ್ಟರು. ಎರಡು ಊರುಗಳ ನಡುವಿನ ನೇರ ದೂರ 13,993 ಕಿ.ಮೀ. ಅಂತ ವರದಿಯಾಗಿತ್ತು, ವಿಮಾನ ಹಾರಿದ್ದು ಸುಮಾರು 16,000 ಕಿ.ಮೀ. ಅಂತ ಕೂಡ. ಎರಡು ಸಾವಿರ ಕಿಲೋಮೀಟರ್ ವ್ಯತ್ಯಾಸ! ದಾರಿ ತಪ್ಪಿ ಆದದ್ದಲ್ಲ, ಬೇಕೆಂದೇ ಆರಿಸಿಕೊಂಡ ದಾರಿ. ಯಾಕೆ ಅನ್ನುವುದು ಗೊತ್ತಾದರೆ ಟಿಕೆಟ್‌ನಲ್ಲಿರುವ ಗಂಟೆಗಳು ಅರ್ಥವಾಗುತ್ತವೆ.

ಕಾರಣ ಗಾಳಿ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಗಂಟೆಗೆ 100 ಕಿ.ಮೀ. ಮಾಮೂಲಿ, ಚಳಿಗಾಲದಲ್ಲಿ 200, 300 ಕೂಡ ಆಗುತ್ತದೆ. ನಮ್ಮ ಪಕ್ಕದ ಬೀದಿಯ ಮೇಷ್ಟ್ರು ಒಮ್ಮೆ ನನ್ನನ್ನು ತಡೆದು ಕೇಳಿದರು. ಅವರ ಮಗ ಲಂಡನ್‌ನಲ್ಲಿದ್ದಾನೆ. "ಏನಮ್ಮಾ, ಹೋಗೋವಾಗ ಹತ್ತೂಮುಕ್ಕಾಲು ಗಂಟೆ ಅಂತ ಹಾಕಿದ್ದಾರೆ, ಬರೋವಾಗ ಅದಕ್ಕಿಂತ ಒಂದು ಗಂಟೆ ಕಡಿಮೆ. ದೂರ ಅಷ್ಟೇ ಅಲ್ವಾ? ಬರೋವಾಗ ಜೋರಾಗಿ ಬಿಡ್ತಾರಾ?"

"ಇಲ್ಲ ಸಾರ್, ಒಂದೇ ವೇಗದಲ್ಲಿ ಬಿಡ್ತಾರೆ. ಗಾಳಿ ಹಿಂದಿನಿಂದ ನೂಕುತ್ತೆ" ಅಂದೆ. ಅವರ ಜಗಲಿಯ ಮೇಲೇ ಕೂತು ಲೆಕ್ಕ ಹಾಕಿದೆವು. ಬೆಂಗಳೂರು–ಲಂಡನ್ ಸುಮಾರು 8,000 ಕಿ.ಮೀ. ಗಾಳಿಯೊಳಗೆ ವಿಮಾನದ ವೇಗ 900 ಅಂತ ಇಟ್ಟುಕೊಳ್ಳಿ. 100ರ ಗಾಳಿ ದಾರಿಯುದ್ದಕ್ಕೂ ಎದುರಿಗೆ ಬಂದರೆ ನೆಲದ ಲೆಕ್ಕದಲ್ಲಿ ಉಳಿಯುವುದು 800, ಹತ್ತು ಗಂಟೆ ಬೇಕು. ಹಿಂದಿನಿಂದ ಬಂದರೆ 1,000, ಎಂಟು ಗಂಟೆ ಸಾಕು. ನಿಜದಲ್ಲಿ ಗಾಳಿ ದಾರಿಯುದ್ದಕ್ಕೂ ಒಂದೇ ಸಮ ಇರುವುದಿಲ್ಲ, ಹಾಗಾಗಿ ಇಷ್ಟು ವ್ಯತ್ಯಾಸ ಬರುವುದಿಲ್ಲ. ಆದರೆ ಒಂದು ಗಂಟೆ ಎಲ್ಲಿ ಹೋಯಿತು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಮೇಷ್ಟ್ರಿಗೆ ತುಂಬಾ ಖುಷಿಯಾಯಿತು. ಗಣಿತ ಹೇಳಿಕೊಟ್ಟವರು, ಸಂಜೆಯೊಳಗೆ ಬೇರೆ ಬೇರೆ ಗಾಳಿಗೆ ಎಷ್ಟೆಷ್ಟು ಹೊತ್ತು ಅಂತ ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದರು.

ಈ ಗಾಳಿಯ ಶಕ್ತಿ ಎಂಥದ್ದು ಅನ್ನುವುದಕ್ಕೆ 2020ರ ಫೆಬ್ರವರಿಯ ಒಂದು ಹಾರಾಟ ಸಾಕು. ಕಿಯಾರಾ ಅನ್ನುವ ಬಿರುಗಾಳಿ ಎದ್ದಿದ್ದ ಸಮಯ. ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಆರು ಗಂಟೆ ದಾಟಬೇಕಿದ್ದ ದಾರಿ ಅದು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಅವತ್ತು ಲಂಡನ್‌ನಿಂದ ನ್ಯೂಯಾರ್ಕ್ ಕಡೆಗೆ ಹೊರಟವರ ಪಾಡು ಏನಾಗಿರಬೇಕು ಅಂತ ಯೋಚಿಸಿ. ಅದೇ ಗಾಳಿ ಅವರಿಗೆ ಎದುರು.

ಹಾಗಾಗಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಪೂರ್ವಕ್ಕೆ ಹೊರಟ ವಿಮಾನ ಪೆಸಿಫಿಕ್ ಮೇಲಿನ ಗಾಳಿಯನ್ನು ಹಿಡಿದುಕೊಂಡು ಹೋಗುವುದು ಲಾಭ. ವಾಪಸ್ ಬರುವಾಗ ಅದೇ ದಾರಿಯಲ್ಲಿ ಬಂದರೆ ಗಾಳಿ ಎದುರಾಗುತ್ತದೆ. ಅದಕ್ಕೆ ಮೇಲೆ ಏರಿ, ಧ್ರುವದ ಕಡೆಯಿಂದ ಸುತ್ತಿ ಬರುತ್ತಾರೆ. ಕಿಲೋಮೀಟರ್ ಜಾಸ್ತಿ, ಹೊತ್ತೂ ಇಂಧನವೂ ಕಡಿಮೆ. ಜೊತೆಗೆ ದಾರ ತೋರಿಸುವ ದಾರಿಯಲ್ಲಿ ಹಿಮಾಲಯ, ಟಿಬೆಟ್ ಸಿಗುತ್ತವೆ. ಅಲ್ಲಿ ಹಾರುವುದು ಕಷ್ಟ ಅಂತಲ್ಲ. ಏನಾದರೂ ಆಗಿ ಒಳಗಿನ ಗಾಳಿಯ ಒತ್ತಡ ಹೋದರೆ ವಿಮಾನವನ್ನು ಬೇಗ 10,000 ಅಡಿಗೆ ಇಳಿಸಬೇಕು, ಮೇಲಿನಿಂದ ಬೀಳುವ ಆಮ್ಲಜನಕದ ಮಾಸ್ಕ್ ಕೆಲಸ ಮಾಡುವುದು ಕೆಲವೇ ನಿಮಿಷ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ, ಇಳಿಯುವುದು ಎಲ್ಲಿಗೆ? ಅದಕ್ಕೇ ಬಹಳ ಜನ ಆ ಜಾಗವನ್ನು ಬಿಟ್ಟು ಸುತ್ತಿ ಹೋಗುತ್ತಾರೆ.

ಅಕ್ಕ ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದು ವಾಪಸ್ ಹೋದಾಗ ಅಮ್ಮ ಮತ್ತು ನಾನು ಫೋನಿನಲ್ಲಿ ಫ್ಲೈಟ್‌ರಾಡಾರ್ ಅನ್ನುವ, ಯಾವ ವಿಮಾನ ಎಲ್ಲಿದೆ ಅಂತ ಮ್ಯಾಪಿನಲ್ಲಿ ತೋರಿಸುವ ಆ್ಯಪ್ ಹಾಕಿಕೊಂಡು ಕೂತಿದ್ದೆವು. ದುಬೈ ಮೇಲೆ ಹೋಗುವ ಟಿಕೆಟ್. ದುಬೈನಿಂದ ಎದ್ದ ಆ ಹಳದಿ ವಿಮಾನದ ಚಿತ್ರ ಇರಾನ್ ದಾಟಿತು, ರಷ್ಯಾ ಸೇರಿತು, ಮೇಲೆ ಮೇಲೆ ಹೋಗುತ್ತಲೇ ಇತ್ತು.

"ಯಾಕೇ ಇದು ಹಿಂಗೆ ಮೇಲಕ್ಕೆ ಹೋಗ್ತಿದೆ? ಅಮೆರಿಕ ಈ ಕಡೆ ಇಲ್ವೇ?" ಅಂತ ಅಮ್ಮ ಸ್ಕ್ರೀನಿನ ಎಡಗಡೆ ಬೆರಳಿಟ್ಟರು.

ದುಬೈ ಇರುವುದು 55 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮದಲ್ಲಿ. ಕೂಡಿದರೆ 177. ಅಂದರೆ ಹೆಚ್ಚು ಕಡಿಮೆ ಭೂಮಿಯ ಆ ಮಗ್ಗುಲು. ಹೀಗಿರುವ ಎರಡು ಊರುಗಳ ನಡುವೆ ದಾರ ಎಳೆದರೆ ಅದು ಹೋಗುವುದು ಉತ್ತರ ಧ್ರುವದ ಪಕ್ಕದಲ್ಲೇ. ಸುಮಾರು 13,000 ಕಿ.ಮೀ. ಇದನ್ನು ಅಮ್ಮನಿಗೆ ಗ್ಲೋಬ್ ಹಿಡಿದು ತೋರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಫೋನಿನ ಮ್ಯಾಪ್ ಚಪ್ಪಟೆ, ಅದರಲ್ಲಿ ಉತ್ತರ ಧ್ರುವ ಒಂದು ಚುಕ್ಕಿಯಾಗಿ ಕಾಣುವುದಿಲ್ಲ, ಮೇಲಿನ ಅಂಚಿನ ಉದ್ದಕ್ಕೂ ಹಿಗ್ಗಿ ಹೋಗಿರುತ್ತದೆ. ಅದಕ್ಕೇ ನೇರ ದಾರಿ ಸೊಟ್ಟಗೆ ಕಾಣುತ್ತದೆ.

ಸ್ವಲ್ಪ ಹೊತ್ತಿಗೆ ಆ ಚಿತ್ರವೇ ಮಾಯ. ಅಮ್ಮನ ಕೈ ತಣ್ಣಗಾಗಿತ್ತು. ಇದನ್ನು ನಾನು ಎಲ್ಲರಿಗೂ ಮೊದಲೇ ಹೇಳಿಡುತ್ತೇನೆ, ನೀವೂ ಮನೆಯಲ್ಲಿ ಹೇಳಿಡಿ. ವಿಮಾನ ತಾನೆಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಹೇಳುತ್ತಾ ಹೋಗುತ್ತದೆ. ಅದನ್ನು ಹಿಡಿಯುವ ಪುಟ್ಟ ಪುಟ್ಟ ಆಂಟೆನಾಗಳು ಹೆಚ್ಚಾಗಿ ನೆಲದ ಮೇಲಿವೆ. ಸಮುದ್ರದ ನಡುವೆ, ಧ್ರುವದ ಹತ್ತಿರ ಕೇಳುವ ಆಂಟೆನಾ ಇರುವುದಿಲ್ಲ. ಆಗ ಆ್ಯಪ್ ಅಂದಾಜಿನ ಮೇಲೆ ತೋರಿಸುತ್ತದೆ, ಇಲ್ಲವೇ ತೋರಿಸುವುದನ್ನೇ ನಿಲ್ಲಿಸುತ್ತದೆ. ವಿಮಾನಕ್ಕೆ ಏನೂ ಆಗಿರುವುದಿಲ್ಲ. ಕೆನಡಾ ಹತ್ತಿರ ಬಂದ ಮೇಲೆ ಮತ್ತೆ ಕಾಣಿಸಿತು, ಅಮ್ಮ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದರು.

ಗಾಳಿಯದ್ದು ಒಂದಾದರೆ, ಆಕಾಶ ಮುಚ್ಚುವುದು ಇನ್ನೊಂದು. ಮೇಲೆ ಗೆರೆ ಕಾಣದಿದ್ದರೂ ಆಕಾಶಕ್ಕೂ ಗಡಿ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಫಿನ್‌ಲ್ಯಾಂಡಿನ ಫಿನ್‌ಏರ್‌ಗೆ ಹೆಲ್ಸಿಂಕಿಯಿಂದ ಟೋಕಿಯೋಗೆ ಮೊದಲು ಒಂಬತ್ತು ಗಂಟೆ ಸಾಕಾಗುತ್ತಿತ್ತು, ಆಮೇಲೆ ಹದಿಮೂರು ಗಂಟೆ ಆಯಿತು. ಊರುಗಳು ಇದ್ದಲ್ಲೇ ಇವೆ, ಸೈಟಿನಲ್ಲಿರುವ ದೂರವೂ ಅಷ್ಟೇ ಇದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಆಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಏರ್ ಇಂಡಿಯಾದ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿದು ಹೋಗಬೇಕಾಯಿತು. ಅದೇ ವರ್ಷ ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿತು, ದೋಹಾಗೆ ಹೊರಟಿದ್ದ ವಿಮಾನಗಳು ಎಲ್ಲೆಲ್ಲೋ ಇಳಿದವು. ಗಲ್ಫ್ ಮೇಲೆ ಹೋಗುವ ಟಿಕೆಟ್ ಇದ್ದರೆ ಹೊರಡುವ ವಾರ ಸುದ್ದಿ ಮೇಲೆ ಒಂದು ಕಣ್ಣಿಡಿ ಅಂತ ಹೇಳುವುದು ಇದಕ್ಕೇ.

ಇನ್ನು ಟಿಕೆಟ್ ಆರಿಸುವ ವಿಷಯ. ನೇರ ವಿಮಾನ ಇದ್ದರೂ ಬೇಕಾದ ದಿನ ಸಿಗುವುದಿಲ್ಲ, ಸಿಕ್ಕರೂ ದರ ಜಾಸ್ತಿ. ಹಾಗಾಗಿ ಎಲ್ಲಾದರೂ ಇಳಿದು ಹತ್ತಲೇಬೇಕು. ದುಬೈ ಮೇಲೆ ಹೋದರೆ ಒಟ್ಟು ಸುಮಾರು 15,700 ಕಿ.ಮೀ. ಆಗುತ್ತದೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ 16,500. ಸಿಂಗಾಪುರದ ಮೇಲೆ ಹೋದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಇವುಗಳ ನಡುವೆ ಇರುವುದು ಒಂದು ಗಂಟೆ ಹಾರಾಟದ ವ್ಯತ್ಯಾಸ ಅಷ್ಟೇ. ಇದನ್ನು ನೋಡಿ ತಲೆ ಕೆಡಿಸಿಕೊಳ್ಳುವ ಬದಲು ನಡುವೆ ಕಾಯುವುದು ಎಷ್ಟು ಹೊತ್ತು ಅಂತ ನೋಡಿ. ಒಂದೂವರೆ ಗಂಟೆ ಅಂದರೆ ವಯಸ್ಸಾದವರಿಗೆ ಓಡಾಟ, ಗಾಬರಿ. ಹನ್ನೊಂದು ಗಂಟೆ ಅಂದರೆ ಕುರ್ಚಿಯಲ್ಲಿ ಕೂತು ಸೊಂಟ ಹೋಗುತ್ತದೆ. ಮೂರರಿಂದ ನಾಲ್ಕು ಗಂಟೆ ಇರುವುದನ್ನು ನಾನು ಹುಡುಕುತ್ತೇನೆ, ದರ ಸ್ವಲ್ಪ ಜಾಸ್ತಿಯಾದರೂ ಸರಿ. ಇಳಿಯುವ ದೇಶದಲ್ಲಿ ಟ್ರಾನ್ಸಿಟ್ ವೀಸಾ ಬೇಕಾ ಅಂತಲೂ ಆಗಲೇ ನೋಡಿಬಿಡಬೇಕು.

ಚಿಕ್ಕಮಗಳೂರಿನವರಿಗೆ ಇದಕ್ಕಿಂತ ಮೊದಲು ಒಂದು ದೊಡ್ಡ ಭಾಗ ಇದೆ, ದೇವನಹಳ್ಳಿಗೆ ಹೋಗಿ ಸೇರುವುದು. ದಾರ ಎಳೆದರೆ ನಮ್ಮೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ 210 ಕಿ.ಮೀ. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ಹೋದರೂ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಮೇಲೆ ಹೋದರೂ ರಸ್ತೆಯಲ್ಲಿ 250 ದಾಟುತ್ತದೆ. ತುಮಕೂರಿನ ದಾರಿಯಲ್ಲಿ ಒಂದು ಅನುಕೂಲ ಅಂದರೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಕಡೆಯಿಂದ ದೇವನಹಳ್ಳಿ ಸೇರಬಹುದು, ಬೆಂಗಳೂರಿನ ಟ್ರಾಫಿಕ್ ಒಳಗೆ ಹೋಗಬೇಕಾಗಿಲ್ಲ. ಹಾಸನದ ದಾರಿಯಲ್ಲಿ ಹೋದರೆ ನೆಲಮಂಗಲದ ಹತ್ತಿರ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೋ ಹೇಳಲಾಗುವುದಿಲ್ಲ. ಊಟಕ್ಕೆ, ಕಾಫಿಗೆ ನಿಲ್ಲಿಸಿಕೊಂಡು ಹೋದರೆ ಆರು ಗಂಟೆ ಇಟ್ಟುಕೊಳ್ಳಬೇಕು. ಆರು ಗಂಟೆಯಲ್ಲಿ ಆ ವಿಮಾನ 5,400 ಕಿ.ಮೀ. ಹೋಗಿರುತ್ತದೆ! ದುಬೈಗೆ ಮಾತ್ರ ಹೋಗುವವರಿಗೆ ಮಂಗಳೂರು ಹತ್ತಿರ, ಅಲ್ಲಿಂದ ದುಬೈಗೆ 2,500 ಕಿ.ಮೀ. ಅಷ್ಟೇ. ಆದರೆ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯನ್ನು ನಂಬಿಕೊಂಡು ವಿಮಾನ ಹಿಡಿಯುವುದು ಕಷ್ಟ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು.

ಹಾಸನ ದಾಟುವಾಗಲೆಲ್ಲ ನನಗೆ ಅಲ್ಲಿನ ಇಸ್ರೋ ಕೇಂದ್ರದ ನೆನಪಾಗುತ್ತದೆ. ಅಲ್ಲಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಂದರೆ ಅಕ್ಕನ ಮನೆಗಿಂತ ಎರಡೂವರೆ ಪಟ್ಟು ದೂರ. ಹಾಸನದಿಂದ ಕಳಿಸಿದ ಸಂಕೇತ ಅಲ್ಲಿಗೆ ಹೋಗಿ ವಾಪಸ್ ಬರುವುದಕ್ಕೆ ಕಾಲು ಸೆಕೆಂಡ್ ಸಾಕು. ಅದೇ ಹಾಸನದಿಂದ ದೇವನಹಳ್ಳಿಗೆ ನಮಗೆ ನಾಲ್ಕು ಗಂಟೆ ಬೇಕು.

ಎಲ್ಲ ಕೂಡಿಸಿದ ಲೆಕ್ಕ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಡಿಸೆಂಬರ್ ಅಂದುಕೊಳ್ಳಿ. ಸಂಜೆ 6ಕ್ಕೆ ಮನೆ ಬಿಟ್ಟರೆ ರಾತ್ರಿ 12ಕ್ಕೆ ದೇವನಹಳ್ಳಿ. ಬೆಳಗಿನ ಜಾವ 4:30ಕ್ಕೆ ವಿಮಾನ. ಚೆಕ್ ಇನ್, ಇಮಿಗ್ರೇಷನ್, ಸೆಕ್ಯೂರಿಟಿ ಎಲ್ಲ ಮುಗಿಸುವುದಕ್ಕೆ ಆ ಹೊತ್ತು ಬೇಕೇ ಬೇಕು. ನಾಲ್ಕು ಗಂಟೆ ಹಾರಿ ನಮ್ಮ 8:30ಕ್ಕೆ ದುಬೈ, ಅಲ್ಲಿ ಆಗ ಬೆಳಿಗ್ಗೆ 7. ಮೂರು ಗಂಟೆ ಕಾಯುವುದು. ನಮ್ಮ 11:30ಕ್ಕೆ ಹೊರಟರೆ ಹದಿನಾರು ಗಂಟೆ ಹಾರಾಟ. ಇಳಿದಾಗ ನಮ್ಮಲ್ಲಿ ಮರುದಿನ ಬೆಳಗಿನ ಜಾವ 3:30, ಅಲ್ಲಿ ಹಿಂದಿನ ದಿನದ ಮಧ್ಯಾಹ್ನ 2. ಇಮಿಗ್ರೇಷನ್ ಸಾಲು, ಲಗೇಜ್, ಎರಡು ಗಂಟೆ. ಅಕ್ಕನ ಮನೆಗೆ ಕಾರಿನಲ್ಲಿ ಒಂದು ಗಂಟೆ. ಮನೆ ಸೇರಿದಾಗ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 6:30. ಒಟ್ಟು 36 ಗಂಟೆ 30 ನಿಮಿಷ! ಸೈಟಿನಲ್ಲಿ ಇದ್ದದ್ದು 17. ಇದರಲ್ಲಿ ಗಾಳಿಯಲ್ಲಿ ಇದ್ದದ್ದು 20 ಗಂಟೆ, ಉಳಿದದ್ದೆಲ್ಲ ನೆಲದ ಮೇಲೆ.

ಆ 20 ಗಂಟೆ ಕೂತಿರುವ ಜಾಗ ಎಂಥದ್ದು ಅನ್ನುವುದೂ ಮುಖ್ಯ. ವಿಮಾನದ ಒಳಗಿನ ಗಾಳಿಯ ಒತ್ತಡ ನಮ್ಮ ಊರಿನ ಹಾಗಿರುವುದಿಲ್ಲ. ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಅದು ಹೆಚ್ಚೆಂದರೆ 6,000 ಅಡಿ ಎತ್ತರದಲ್ಲಿರುವಷ್ಟು, ಹಳೆಯ ಮಾದರಿಗಳಲ್ಲಿ 8,000 ಅಡಿಯವರೆಗೆ. ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,300 ಅಡಿ ದಾಟುತ್ತದೆ. ಅಮ್ಮ ಒಬ್ಬರೇ ಅಕ್ಕನ ಮನೆಗೆ ಹೊರಟಾಗ ಅವರಿಗೆ ನಾನು ಹೇಳಿದ್ದು ಹಾಗೆಯೇ, ಮುಳ್ಳಯ್ಯನಗಿರಿ ತುದಿಯಲ್ಲಿ ಅಷ್ಟು ಹೊತ್ತು ಕೂತ ಹಾಗೆ, ಆದರೆ ಅಲ್ಲಿನ ಮಂಜು, ತಂಪು ಇಲ್ಲ, ಗಾಳಿ ತುಂಬಾ ಒಣ. ಬಾಯಿ ಒಣಗುತ್ತದೆ, ಕಾಲು ಊದುತ್ತದೆ. ನೀರು ಕೇಳಿ ಕುಡಿಯಬೇಕು, ಎದ್ದು ಎರಡು ಹೆಜ್ಜೆ ಓಡಾಡಬೇಕು. ಬಿಪಿ, ಶುಗರ್ ಇದ್ದವರು ಮೊದಲೇ ಡಾಕ್ಟರ ಹತ್ತಿರ ಮಾತ್ರೆಯ ಹೊತ್ತು ಕೇಳಿಕೊಂಡು ಹೊರಡಬೇಕು.

ಗಡಿಯಾರದ ಗೊಂದಲವಂತೂ ಕಡಿಮೆಯಲ್ಲ. 2021ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟದ್ದು ಜನವರಿ 9ರ ಶನಿವಾರ ರಾತ್ರಿ, ಬೆಂಗಳೂರಿಗೆ ಬಂದದ್ದು 11ರ ಸೋಮವಾರ ಬೆಳಗಿನ ಜಾವ. ಭಾನುವಾರ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ, 17 ಗಂಟೆ ಹಾರಾಟಕ್ಕೆ 13:30 ಗಂಟೆಯ ವ್ಯತ್ಯಾಸ ಸೇರಿತು ಅಷ್ಟೇ. ಹೋಗುವಾಗ ಅದೇ ವ್ಯತ್ಯಾಸ ಕಳೆಯುತ್ತದೆ, ಮಧ್ಯಾಹ್ನ ಬೆಂಗಳೂರು ಬಿಟ್ಟವರು ಅದೇ ದಿನ ಸಂಜೆ ಅಲ್ಲಿ ಇಳಿಯುತ್ತಾರೆ. ಮೇಲಾಗಿ ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಬೇಸಿಗೆಯಲ್ಲಿ ವ್ಯತ್ಯಾಸ 12:30 ಗಂಟೆ. ನಾವು ರಾತ್ರಿ 7:30ಕ್ಕೆ ಫೋನ್ ಮಾಡಿದರೆ ಜುಲೈನಲ್ಲಿ ಅಕ್ಕನಿಗೆ ಬೆಳಿಗ್ಗೆ 7, ಜನವರಿಯಲ್ಲಿ 6.

ಇದೆಲ್ಲ ಅಮ್ಮನಿಗೆ ದಾರಿಯಲ್ಲಿ ನೆನಪಿರಬೇಕು ಅಂದರೆ ಆಗುವ ಮಾತಲ್ಲ. ಅದಕ್ಕೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ನಾಲ್ಕಾಗಿ ಮಡಿಚಿ, ಪಾಸ್‌ಪೋರ್ಟ್ ಕವರಿನೊಳಗೆ ಇಟ್ಟಿದ್ದೆ. ಎಡಗಡೆ ನಮ್ಮ ಗಡಿಯಾರದ ಹೊತ್ತು, ಬಲಗಡೆ ಅಲ್ಲಿನ ಹೊತ್ತು, ನಡುವೆ ಏನು ಮಾಡಬೇಕು ಅಂತ. "ಇಲ್ಲಿ ಇಳಿಯಬೇಕು", "ಗೇಟ್ ನಂಬರ್ ಬೋರ್ಡಿನಲ್ಲಿ ನೋಡು", "ಲಗೇಜ್ ಇಲ್ಲಿ ತೆಗೆದುಕೊಳ್ಳುವ ಹಾಗಿಲ್ಲ", "ಮಾತ್ರೆ". ಕೈಗಡಿಯಾರವನ್ನು ಅಕ್ಕನ ಮನೆ ಸೇರುವವರೆಗೂ ಬದಲಾಯಿಸಬೇಡ ಅಂದಿದ್ದೆ. ಅಮ್ಮ ಹಾಗೇ ಮಾಡಿದರು. ವಿಮಾನದ ಕಿಟಕಿಯಲ್ಲಿ ಬಿಸಿಲಿದ್ದರೂ ಇಲ್ಲಿ ರಾತ್ರಿ ಎಷ್ಟಾಗಿದೆ ಅಂತ ಗೊತ್ತಿತ್ತು, ಅದೇ ಒಂದು ಧೈರ್ಯ ಅಂದರು. ವ್ಹೀಲ್‌ಚೇರ್ ಅನ್ನು ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ, ಮರೆತಿದ್ದರೆ ಹೊರಡುವ 48 ಗಂಟೆ ಮೊದಲಾದರೂ ಫೋನ್ ಮಾಡಿ. ನಡೆಯಲಾಗದವರಿಗೆ ಮಾತ್ರವಲ್ಲ, ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಅಷ್ಟು ದೂರ ನಡೆಯುವುದು ಮಂಡಿ ನೋವಿರುವವರಿಗೂ ಆಗುವುದಿಲ್ಲ.

ಮೇಷ್ಟ್ರು ಮತ್ತು ಅವರ ಮನೆಯವರು ಏಪ್ರಿಲ್‌ನಲ್ಲಿ ಲಂಡನ್‌ಗೆ ಹೊರಟಿದ್ದಾರೆ. ಬ್ರಿಟನ್‌ನಲ್ಲಿ ಗಡಿಯಾರ ಮುಂದೆ ಹೋಗುವುದು ಮಾರ್ಚ್ ಕೊನೆಯ ಭಾನುವಾರ, ಹಾಗಾಗಿ ಅವರ ಹಾಳೆಯಲ್ಲಿ ಐದೂವರೆ ಗಂಟೆ ಬದಲು ನಾಲ್ಕೂವರೆ ಗಂಟೆ ವ್ಯತ್ಯಾಸ ಹಾಕಿದ್ದೇನೆ. ದೇವನಹಳ್ಳಿಗೆ ಕಡೂರಿನ ಕಡೆಯಿಂದ ಹೋಗುವುದೋ ಹಾಸನದ ಕಡೆಯಿಂದಲೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ನಾನು ಕಡೂರು ಅಂತಿದ್ದೇನೆ.